ಹೊಸ ಊರಲ್ಲಿ ಸ್ನೇಹಕ್ಕೊಂದು ಸಂಜೆಯ ಲೆಕ್ಕ

ಬಂದು ವರ್ಷವಾಯಿತು, ಪರಿಚಯದವರು ಬೇಕಾದಷ್ಟಿದ್ದಾರೆ, ಮನಸ್ಸು ಬಿಚ್ಚಿ ಮಾತಾಡಲು ಮಾತ್ರ ಒಬ್ಬರೂ ಇಲ್ಲ ಎಂಬ ಅಳಲು ಹೊರದೇಶಕ್ಕೆ ಬಂದು ನೆಲೆಸಿದವರ ಈ ಗುಂಪಿನಲ್ಲಿ ಆಗಾಗ ಕೇಳಿಬರುತ್ತದೆ. ಇದರಲ್ಲಿ ನಿಮ್ಮ ಸ್ವಭಾವದ ತಪ್ಪು ಕಡಿಮೆ, ಗಂಟೆಗಳ ಕೊರತೆ ಜಾಸ್ತಿ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಊರು ಬದಲಿಸಿ ಆರು ತಿಂಗಳೊಳಗಿದ್ದವರೂ ಇದ್ದರು. ಬರೀ ಪರಿಚಯ ಸಲಿಗೆಯಾಗಲು ಸುಮಾರು 50 ಗಂಟೆ, ಸ್ನೇಹವಾಗಲು 90, ಆಪ್ತತೆಗೆ 200ಕ್ಕೂ ಮೇಲೆ ಎಂಬುದು ಅವರ ಅಂದಾಜು. ಆಫೀಸಿನಲ್ಲಿ ಅಕ್ಕಪಕ್ಕ ಕೂತ ಹೊತ್ತು ಈ ಲೆಕ್ಕಕ್ಕೆ ಅಷ್ಟಾಗಿ ಬರುವುದಿಲ್ಲ. ತಿಂಗಳಿಗೊಂದು ದೊಡ್ಡ ಕೂಟ, ಮೂವತ್ತು ಜನ, ಮೂರು ಗಂಟೆ ಅಂದರೆ ಒಬ್ಬೊಬ್ಬರ ಪಾಲಿಗೆ ಸಿಗುವುದು ಆರು ನಿಮಿಷ. ಅದೇ ವಾರಕ್ಕೊಮ್ಮೆ ಒಂದೆರಡು ಮನೆಯವರ ಜತೆ ಒಂದೂವರೆ ಗಂಟೆ ಕಳೆದರೆ 33-34 ವಾರದಲ್ಲಿ 50 ಗಂಟೆ ತುಂಬುತ್ತದೆ.

ಇದಕ್ಕೆ ಸೂರ್ಯಾಸ್ತದ ನಡಿಗೆಗಿಂತ ಸುಲಭದ ನೆಪ ಇನ್ನೊಂದಿಲ್ಲ. ಯಾರೂ ಮನೆ ಗುಡಿಸಿ ಒರೆಸಬೇಕಿಲ್ಲ, ಕರೆದವರು ಕರೆಸಿಕೊಂಡವರು ಎಂಬ ಋಣವಿಲ್ಲ. ಎಲ್ಲಕ್ಕಿಂತ ಮುಖ್ಯ, ಮುಗಿಯುವ ಹೊತ್ತು ಮೊದಲೇ ಎಲ್ಲರಿಗೂ ಗೊತ್ತು. ಹೊಸ ಪರಿಚಯದಲ್ಲಿ ಜನ ಹಿಂಜರಿಯುವುದು ಹೋಗುವುದಕ್ಕಲ್ಲ, ಹೋದ ಮೇಲೆ ಎದ್ದು ಬರುವುದು ಹೇಗೆಂದು. "ಒಮ್ಮೆ ಸಿಗೋಣ" ಅಂದರೆ ಆ ಒಮ್ಮೆ ಬರುವುದೇ ಇಲ್ಲ. "ಗುರುವಾರ ಸೂರ್ಯ ಮುಳುಗುವುದಕ್ಕೆ ಮುಕ್ಕಾಲು ಗಂಟೆ ಮುಂಚೆ ಸೇತುವೆ ಹತ್ತಿರ ಇರುತ್ತೇವೆ, ಬಿಡುವಿದ್ದರೆ ಬನ್ನಿ, ಬರದಿದ್ದರೂ ನಾವು ಇದ್ದೇ ಇರುತ್ತೇವೆ" ಎಂದು ಹೇಳಿ. ಮೂರು ನಾಲ್ಕು ಸಲ ಬಾರದವರು ಐದನೆಯ ಸಲ ಬರುವುದುಂಟು. ವಾರ ಮತ್ತು ಜಾಗ ಬದಲಿಸದಿದ್ದರೆ ಮಾತ್ರ.

ಎಡವಟ್ಟಾಗುವುದು ಋತು ತಿರುಗಿದಾಗ. 50 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ, ಅಂದರೆ ಲಂಡನ್, ವ್ಯಾಂಕೂವರ್‌ನಂಥ ಉತ್ತರಾರ್ಧಗೋಳದ ಊರುಗಳವರಿಗೆ, ಸೆಪ್ಟೆಂಬರ್‌ನಲ್ಲಿ ಸೂರ್ಯಾಸ್ತ ದಿನಕ್ಕೆ ಎರಡು ನಿಮಿಷದಷ್ಟು ಹಿಂದೆ ಸರಿಯುತ್ತದೆ, ಅಂದರೆ ತಿಂಗಳಿಗೆ ಒಂದು ಗಂಟೆ. ಅದರ ಮೇಲೆ ಗಡಿಯಾರದ ಬದಲಾವಣೆ: ಯುರೋಪಿನ ಬಹುತೇಕ ಕಡೆ ಅಕ್ಟೋಬರ್‌ನ ಕೊನೆಯ ಭಾನುವಾರ, ಅಮೆರಿಕ-ಕೆನಡಾದ ಹೆಚ್ಚಿನ ಭಾಗದಲ್ಲಿ ನವೆಂಬರ್‌ನ ಮೊದಲ ಭಾನುವಾರ, ಒಂದೇ ರಾತ್ರಿಯಲ್ಲಿ ಇನ್ನೊಂದು ಗಂಟೆ ಖೋತಾ. ಬೇಸಿಗೆಯಲ್ಲಿ ಕಟ್ಟಿದ ಒಡನಾಟ ಆ ವಾರವೇ ಸದ್ದಿಲ್ಲದೆ ನಿಂತುಹೋಗುತ್ತದೆ. ಸೆಪ್ಟೆಂಬರ್ ಮುಗಿಯುವುದರೊಳಗೇ ಭೇಟಿಯನ್ನು ವಾರದ ದಿನದಿಂದ ಶನಿವಾರ ಮಧ್ಯಾಹ್ನ ಮೂರಕ್ಕೆ ವರ್ಗಾಯಿಸಿಬಿಡಿ. ಕತ್ತಲಾದ ಮೇಲೆ ಯಾರೂ ಹೊಸ ಏರ್ಪಾಡಿಗೆ ಒಪ್ಪುವುದಿಲ್ಲ. ಸಮಾಧಾನವೆಂದರೆ, ಅತಿ ಬೇಗ ಸೂರ್ಯ ಮುಳುಗುವುದು ಡಿಸೆಂಬರ್ 21ರಂದಲ್ಲ, ಈ ಅಕ್ಷಾಂಶದಲ್ಲಿ ಸುಮಾರು 12ರ ಹೊತ್ತಿಗೆ. ಹಗಲು ಇನ್ನೂ ಕಿರಿದಾಗುತ್ತಿದ್ದರೂ ಸಂಜೆ ಆಗಲೇ ಹಿಗ್ಗತೊಡಗಿರುತ್ತದೆ.

ಜಾಗ ಆರಿಸುವಾಗಲೂ ಇದೇ ಲೆಕ್ಕ. ಸೂರ್ಯ ನೇರ ಪಶ್ಚಿಮಕ್ಕೆ ಮುಳುಗುವುದು ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಮಾತ್ರ. 50 ಡಿಗ್ರಿಯಲ್ಲಿ ಜೂನ್‌ಗೆ ಅದು ಪಶ್ಚಿಮದಿಂದ ಉತ್ತರಕ್ಕೆ ಸುಮಾರು 38 ಡಿಗ್ರಿ ವಾಲಿರುತ್ತದೆ, ಡಿಸೆಂಬರ್‌ಗೆ ದಕ್ಷಿಣಕ್ಕೆ ಅಷ್ಟೇ. ಬೇಸಿಗೆಯ ಕಟ್ಟೆ ಚಳಿಗಾಲದಲ್ಲಿ ಕಟ್ಟಡದ ನೆರಳಿಗೆ ಬಿದ್ದಿರುತ್ತದೆ. ಹಾಗಾಗಿ ನದಿ ದಂಡೆಯೋ ಸೇತುವೆಯೋ ರೈಲು ಹಳಿಯ ಮೇಲಿನ ಕಾಲುದಾರಿಯೋ, ನೋಟ ಅಡ್ಡಡ್ಡ ತೆರೆದಿರುವ ಜಾಗ ಹುಡುಕಿ. ಶೌಚಾಲಯ ಹತ್ತು ನಿಮಿಷದೊಳಗಿರಬೇಕು, ಮಕ್ಕಳಿರುವ ಮನೆಗೆ ಇದು ನೋಟಕ್ಕಿಂತ ದೊಡ್ಡ ಷರತ್ತು.

ಬಣ್ಣದ ವಿಷಯ: ಎತ್ತರದಲ್ಲಿ ತೆಳು ಮೋಡ ಹರಡಿ, ಪಶ್ಚಿಮದ ಅಂಚು ಬರಿದಾಗಿದ್ದರೆ ಚೆಂದದ ಸಂಜೆ. ದಿಗಂತದಲ್ಲೇ ದಟ್ಟ ಮೋಡ ಕೂತಿದ್ದರೆ ಆಸೆ ಬಿಡಿ. ಸೂರ್ಯ ಮುಳುಗಿದ ತಕ್ಷಣ ಹೊರಡುವವರೇ ಜಾಸ್ತಿ, ಆದರೆ ಮೋಡಗಳಿಗೆ ರಂಗೇರುವುದು ಅದಾಗಿ ಹತ್ತು ಹದಿನೈದು ನಿಮಿಷಕ್ಕೆ. ಮಾತು ಸಡಿಲವಾಗುವುದೂ ಆಗಲೇ. ಈ ಅಕ್ಷಾಂಶದಲ್ಲಿ ಸೂರ್ಯ ಓರೆಯಾಗಿ ಇಳಿಯುವುದರಿಂದ ಮುಸ್ಸಂಜೆ ನಿಧಾನ, ದೀಪವಿಲ್ಲದೆ ದಾರಿ ಕಾಣುವಷ್ಟು ಬೆಳಕು ಅರ್ಧ ಗಂಟೆಯಾದರೂ ಉಳಿಯುತ್ತದೆ. ಬೈನಾಕ್ಯುಲರ್ ತಂದವರು ಸೂರ್ಯ ಪೂರ್ತಿ ಮರೆಯಾಗುವವರೆಗೆ ಅದನ್ನು ಮಕ್ಕಳ ಕೈಗೆ ಕೊಡಬಾರದು.

ಪುಟ್ಟ ಮಕ್ಕಳಿದ್ದವರಿಗೆ ನವೆಂಬರ್‌ನಿಂದ ಜನವರಿಯೇ ಒಳ್ಳೆಯ ಕಾಲ, ಎಲ್ಲರೂ ಉಲ್ಟಾ ಅಂದುಕೊಂಡಿರುತ್ತಾರೆ. ನಾಲ್ಕು ಗಂಟೆಗೇ ಸೂರ್ಯಾಸ್ತ, ಐದಕ್ಕೆ ನಕ್ಷತ್ರ, ಮಲಗುವ ಹೊತ್ತಿಗೆ ಧಕ್ಕೆಯಿಲ್ಲ. ಬೆಚ್ಚಗಿನ ಬಟ್ಟೆ ಒಂದರ ಮೇಲೊಂದು ಹಾಕಿ, ಕೈಗವಸು ಒಂದು ಜತೆ ಹೆಚ್ಚಿಗೆ ಇಟ್ಟುಕೊಳ್ಳಿ, ಒದ್ದೆಯಾಗುವುದು ಮೊದಲು ಅವೇ. ಜೂನ್‌ನಲ್ಲಿ ಒಂಬತ್ತೂವರೆಯ ಸೂರ್ಯಾಸ್ತಕ್ಕೆ ಮೂರು ವರ್ಷದ ಮಗುವನ್ನು ಎಬ್ಬಿಸಿಟ್ಟರೆ ಮರುದಿನವಿಡೀ ಅದರ ಫಲ ಉಣ್ಣಬೇಕು. ಕಣ್ಣಿಗೆ ಬೆಳಕು ಬೀಳುತ್ತಿರುವಾಗ ನಿದ್ರೆ ತರುವ ಮೆಲಟೋನಿನ್ ಏರುವುದು ತಡವಾಗುತ್ತದೆ. ಆ ತಿಂಗಳುಗಳಲ್ಲಿ ಆರಕ್ಕೆ ಸೇರಿ ಏಳಕ್ಕೆ ಮುಗಿಸಿ, ಮಲಗುವ ಕೋಣೆಗೆ ಬೆಳಕು ತೂರದ ಪರದೆ ಹಾಕಿ, ಅಂಚಿನ ಸಂದಿಯನ್ನೂ ಮುಚ್ಚಿ. ಸೂರ್ಯಾಸ್ತ ನೋಡುವ ಸರದಿಯನ್ನು ಅಪ್ಪ-ಅಮ್ಮ ವಾರ ಬಿಟ್ಟು ವಾರ ಹಂಚಿಕೊಂಡರಾಯಿತು.