ಪದಚರ್ಚೆ: ‘ಇಂಪೋರ್ಟ್ ಪ್ರೀಸೆಟ್’ಗೆ ಕನ್ನಡದಲ್ಲಿ ಏನು? ಸಂಜೆಯೊಳಗೆ ಬೇಕು

ಸು. ರಾ.

ಎಲ್ಲರಿಗೂ ನಮಸ್ಕಾರ. ಫೋಟೊ ಎಡಿಟಿಂಗ್ ಕೈಪಿಡಿಯೊಂದರ ಅನುವಾದ ಸಂಜೆ ಅಚ್ಚಿಗೆ ಹೋಗುತ್ತದೆ. ಒಂದು ಅಧ್ಯಾಯದ ತಲೆಬರಹವೇ ‘ಇಂಪೋರ್ಟ್ ಪ್ರೀಸೆಟ್’. ಒಳಗೂ ಪುಟಪುಟಕ್ಕೆ ಬರುವ ಮಾತಾದ್ದರಿಂದ ವಿಭಕ್ತಿ ಹಚ್ಚಿದರೆ ನಾಲಗೆ ತೊಡರಬಾರದು.

ಸಂದರ್ಭ ಅಡೋಬಿಯ ಫೋಟೊ ತಂತ್ರಾಂಶ ಲೈಟ್‌ರೂಮ್ ಕ್ಲಾಸಿಕ್‌ನದು. ಪ್ರಿವ್ಯೂ ಯಾವ ಬಗೆಯದು, ಎರಡನೇ ಪ್ರತಿ ಎಲ್ಲಿಗೆ, ಕಡತಕ್ಕೆ ಹೊಸ ಹೆಸರು ಹೇಗೆ, ಯಾವ ಡೆವಲಪ್ ಪ್ರೀಸೆಟ್ (ಬಣ್ಣ, ಬೆಳಕಿನ ತಿದ್ದುಪಡಿಗಳ ಕಟ್ಟು), ಯಾವ ಮೆಟಾಡೇಟಾ (ಹೆಸರು, ಹಕ್ಕುಸ್ವಾಮ್ಯದಂಥ ವಿವರ), ಯಾವ ಫೋಲ್ಡರು ಎಂಬುದನ್ನೆಲ್ಲ ಇಂಪೋರ್ಟ್ ಕಿಟಕಿಯ ಬಲಗಡೆ ಒಮ್ಮೆ ಹೊಂದಿಸಿ, ಕೆಳತುದಿಯ ಪಟ್ಟಿಯಲ್ಲಿ ಒಂದು ಹೆಸರು ಕೊಟ್ಟು ಉಳಿಸಿಡುವುದು. ಮುಂದಿನ ಸಲ ಆ ಹೆಸರನ್ನು ಆರಿಸಿದರೆ ಅಷ್ಟೂ ತಾನಾಗಿ ತುಂಬಿಕೊಳ್ಳುತ್ತದೆ.

ಕರಡಿನಲ್ಲಿ ಸದ್ಯ ‘ಆಮದು ಪೂರ್ವನಿಯೋಜಿತ’ ಎಂದಿದೆ. ಓದಿದರೆ ಗೆಜೆಟ್ ಪ್ರಕಟಣೆಯ ಹಾಗೆ ಕೇಳಿಸುತ್ತದೆ.

ಕೆ. ವಿ. ಶಾ.

ಕೇಳಿಸುವುದು ಆಮೇಲೆ. ಪದ ಕಟ್ಟಿದ ರೀತಿಯೇ ಸರಿಯಿಲ್ಲ. ‘ಪೂರ್ವನಿಯೋಜಿತ’ ವಿಶೇಷಣ. ನಿಯೋಜಿತವಾದದ್ದು ಏನು? ಅದಕ್ಕೆ ಬಹುವಚನ ಹಚ್ಚಿ ನೋಡಿ, ‘ಪೂರ್ವನಿಯೋಜಿತಗಳು’. ಇನ್ನು ‘ಆಮದು’ ಪಾರಸಿಯ ಮಾತು. ಅಲ್ಲಿ ‘ಆಮದ್’ ಎಂದರೆ ‘ಬಂದ’, ‘ರಫ್ತ್’ ಎಂದರೆ ‘ಹೋದ’. ಎರಡೂ ಭೂತಕಾಲದ ಕ್ರಿಯಾರೂಪಗಳು. ಇನ್ನೂ ಬಾರದ ಚಿತ್ರಕ್ಕೆ ‘ಬಂದ’ ಎನ್ನುವುದು ಯಾವ ನ್ಯಾಯ? ಪಾರಸಿ ಮತ್ತು ಸಂಸ್ಕೃತವನ್ನು ಹೀಗೆ ಹೊಲಿದರೆ ಅದನ್ನು ಅರಿಸಮಾಸ (ಕನ್ನಡ, ಸಂಸ್ಕೃತ ಪದಗಳ ಒಪ್ಪದ ಜೋಡಣೆ) ಎನ್ನುವುದಕ್ಕೂ ಬಾಯಿ ಬಾರದು.

‘ಮುನ್ನುಡಿ’, ‘ಮುನ್ನೆಚ್ಚರಿಕೆ’ಗಳ ದಾರಿಯಲ್ಲೇ ನಡೆದರೆ ‘ಮುನ್ಹೊಂದಿಕೆ’. ಇಂಪೋರ್ಟ್‌ಗೆ ‘ಒಳತರು’. ‘ಒಳತರುವ ಮುನ್ಹೊಂದಿಕೆ’ ಎಂದು ಹಾಕಿ, ಅಚ್ಚಿಗೆ ಕಳಿಸಿ.

ನಾ. ಭ.

ದಯವಿಟ್ಟು ಹಾಗೆ ಕಳಿಸಬೇಡಿ. ಇಂಪೋರ್ಟ್ ಕಿಟಕಿಯ ಮೇಲ್ತುದಿಯಲ್ಲಿ ನಾಲ್ಕು ಆಯ್ಕೆಗಳಿವೆ: ಕಾಪಿ ಆ್ಯಸ್ ಡಿಎನ್‌ಜಿ, ಕಾಪಿ, ಮೂವ್, ಆ್ಯಡ್. ಮೊದಲೆರಡರಲ್ಲಿ ಕಾರ್ಡಿನ ಕಡತದ ಪ್ರತಿ ಡಿಸ್ಕಿಗೆ ಬರುತ್ತದೆ. ಮೂವ್‌ನಲ್ಲಿ ಕಡತವೇ ಜಾಗ ಬದಲಿಸುತ್ತದೆ. ಆ್ಯಡ್‌ನಲ್ಲಿ ಕಡತ ಇದ್ದಲ್ಲೇ ಇರುತ್ತದೆ, ಅದರ ವಿಳಾಸವಷ್ಟೇ ಲೈಟ್‌ರೂಮಿನ ದಾಖಲೆಪಟ್ಟಿಯಾದ ಕ್ಯಾಟಲಾಗಿನಲ್ಲಿ ದಾಖಲಾಗುತ್ತದೆ. ನಾಲ್ಕರಲ್ಲಿ ಯಾವುದನ್ನು ಒತ್ತಿದರೂ ಚಿತ್ರ ಲೈಟ್‌ರೂಮಿನ ‘ಒಳಗೆ’ ಹೋಗುವುದಿಲ್ಲ. ‘ಒಳತರು’ ಎಂದು ಕಲಿತವರು ಕೆಲಸ ಮುಗಿಯಿತೆಂದು ಡಿಸ್ಕಿನ ಫೋಲ್ಡರನ್ನು ಅಳಿಸುತ್ತಾರೆ. ಆಮೇಲೆ ಉಳಿಯುವುದು ಆಶ್ಚರ್ಯಸೂಚಕ ಚಿಹ್ನೆ ಹೊತ್ತ ಪ್ರಿವ್ಯೂ ಮಾತ್ರ, ಮೂಲ ಇಲ್ಲ. ಇದು ಹೊಸಬರಲ್ಲಿ ತೀರ ಸಾಮಾನ್ಯ ಅನಾಹುತ, ನಮ್ಮ ಪದ ಅದಕ್ಕೆ ಕುಮ್ಮಕ್ಕು ಕೊಡಬಾರದು.

ನಾಲ್ಕಕ್ಕೂ ಒಪ್ಪುವ ಮಾತು ‘ಸೇರ್ಪಡೆ’.

ಕೆ. ವಿ. ಶಾ.

ಹಾಗಾದರೆ ಆ್ಯಡ್‌ಗೆ ಏನು? ಅದೂ ‘ಸೇರ್ಪಡೆ’ ತಾನೆ? ‘ಸೇರ್ಪಡೆ ಕಿಟಕಿಯಲ್ಲಿ ಸೇರ್ಪಡೆ ಒತ್ತಿ’ ಎಂದು ಅಚ್ಚು ಹಾಕಿಸಿ, ಚೆನ್ನಾಗಿರುತ್ತದೆ.

ಲ. ಹೆ.

‘ಇಂಪೋರ್ಟ್’ ಎಂದೇ ಬರೆಯಿರಿ. ಲೈಟ್‌ರೂಮ್ ಕ್ಲಾಸಿಕ್‌ಗೆ ಕನ್ನಡ ಮುಖವಿಲ್ಲ. ಗುಂಡಿಯ ಮೇಲಿರುವುದು ಇಂಗ್ಲಿಷ್. ಓದುಗರು ಕೈಪಿಡಿಯಲ್ಲಿ ಕಂಡದ್ದನ್ನು ಪರದೆಯ ಮೇಲೆ ಹುಡುಕಬೇಕು. ಇದರಲ್ಲಿ ಚರ್ಚಿಸುವುದು ಏನೂ ಇಲ್ಲ.

ಕೆ. ವಿ. ಶಾ.

ಇದೇ ರೋಗ. ಗುಂಡಿ ಇಂಗ್ಲಿಷಿನಲ್ಲಿದೆ ಎಂದು ಕೈಪಿಡಿ ಇಂಗ್ಲಿಷಿನಲ್ಲಿ, ಕೈಪಿಡಿ ಇಂಗ್ಲಿಷಿನಲ್ಲಿದೆ ಎಂದು ಪಾಠ ಇಂಗ್ಲಿಷಿನಲ್ಲಿ, ಪಾಠ ಇಂಗ್ಲಿಷಿನಲ್ಲಿದೆ ಎಂದು ಮುಂದೆ ಯಾರೂ ಕನ್ನಡದ ಗುಂಡಿ ಕೇಳುವುದಿಲ್ಲ. ‘ಕಡತ’ ಎಂದು ಬರೆಯುವಾಗ ಯಾರಿಗೂ ಕಷ್ಟವಾಗಲಿಲ್ಲವಲ್ಲ? ಅದೂ ಪರದೆಯ ಮೇಲಿಲ್ಲ.

ಲ. ಹೆ.

ಕಡತ ಗುಂಡಿಯ ಹೆಸರಲ್ಲ, ವಸ್ತುವಿನ ಹೆಸರು. ವ್ಯತ್ಯಾಸ ಗೊತ್ತಾಗದಿದ್ದರೆ ಬಿಡಿ.

ಸು. ರಾ.

ಇಬ್ಬರೂ ಸ್ವಲ್ಪ ತಡೆಯಿರಿ. ಗುಂಡಿಗಳ ಹೆಸರು ಲಿಪ್ಯಂತರದಲ್ಲೇ ಇರಲಿ ಎಂದು ಪ್ರಕಾಶಕರೂ ಹೇಳಿದ್ದಾರೆ, ಆದ್ದರಿಂದ ‘ಇಂಪೋರ್ಟ್’ ಉಳಿಯುತ್ತದೆ. ನಿಜವಾದ ಗಂಟು ‘ಪ್ರೀಸೆಟ್’ನದು. ‘ಪೂರ್ವನಿಯೋಜಿತ’ವನ್ನು ಹಲವು ತಂತ್ರಾಂಶಗಳ ಕನ್ನಡ ಆವೃತ್ತಿಯಲ್ಲಿ ಡೀಫಾಲ್ಟ್‌ಗೆ ಬಳಸಿದ್ದಾರೆ. ನಮ್ಮ ಅಧ್ಯಾಯದಲ್ಲಿ ಡೀಫಾಲ್ಟೂ ಬರುತ್ತದೆ. ಅನುವಾದಿಸಿದ ಎರಡು ವಾಕ್ಯ ಕೆಳಗಿವೆ. ತಾಂತ್ರಿಕವಾಗಿ ಸರಿಯಿದೆಯೇ ನೋಡಿ:

‘ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಸಹಿತ ಎಲ್ಲ ಆಯ್ಕೆಗಳಿಗೂ ಗುರುತು ಹಾಕಿ ಪ್ರೀಸೆಟ್ ಉಳಿಸಿ. ಇಂಪೋರ್ಟ್ ಮಾಡುವಾಗ ಇದು ಎಲ್ಲ ಚಿತ್ರಗಳಿಗೂ ಪೂರ್ವನಿಯೋಜಿತವಾಗಿ ಅನ್ವಯವಾಗುತ್ತದೆ.’

ನಾ. ಭ.

ಎರಡೂ ತಪ್ಪು. ಮೂಲದಲ್ಲೇ ಹೀಗಿದ್ದರೆ ಮೂಲವೇ ತಪ್ಪು.

ಡೆವಲಪ್ ಪ್ರೀಸೆಟ್ ಉಳಿಸುವ ಕಿಟಕಿಯಲ್ಲಿ ಗುರುತು ಹಾಕಿದ್ದು ಮಾತ್ರ ಪ್ರೀಸೆಟ್‌ನೊಳಗೆ ಹೋಗುತ್ತದೆ. ಗುರುತಿಲ್ಲದ್ದನ್ನು ಅದು ಮುಟ್ಟುವುದಿಲ್ಲ. ಎಕ್ಸ್‌ಪೋಶರ್‌ಗೆ ಗುರುತು ಹಾಕಿ ಬೆಲೆ ಸೊನ್ನೆ ಇಟ್ಟಿದ್ದರೂ ಅದು ‘ಸೊನ್ನೆ ಮಾಡು’ ಎಂಬ ಆಜ್ಞೆಯೇ, ‘ಹಾಗೇ ಬಿಡು’ ಎಂದಲ್ಲ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಿಕೆ) 5500 ಕೆಲ್ವಿನ್ ಎಂದು ಸೇರಿಕೊಂಡರೆ ಬಿಸಿಲಿನಲ್ಲಿ ತೆಗೆದದ್ದಕ್ಕೂ ಬಲ್ಬಿನ ಬೆಳಕಿನಲ್ಲಿ ತೆಗೆದದ್ದಕ್ಕೂ ಅದೇ ಅಂಕಿ ಬೀಳುತ್ತದೆ, ಒಳಾಂಗಣದ ಚಿತ್ರಗಳೆಲ್ಲ ಕಿತ್ತಳೆಯಾಗುತ್ತವೆ. ಅಷ್ಟಕ್ಕೂ ಕೆಲ್ವಿನ್ ಅಂಕಿ ಇರುವುದು ರಾ ಕಡತಕ್ಕೆ, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಕೊಡುವ ಕಡತಕ್ಕೆ. ಜೆಪೆಗ್‌ನಲ್ಲಿ ಅದೇ ಜಾರುಗುಂಡಿ ಋಣ 100ರಿಂದ ಧನ 100ರವರೆಗಿನ ಸಾಪೇಕ್ಷ ಅಳತೆ. ಕ್ರಾಪ್ ಕೂಡ ಬೇಡ. ಇಂಪೋರ್ಟ್‌ನಲ್ಲಿ ಹಾಕುವ ಡೆವಲಪ್ ಪ್ರೀಸೆಟ್‌ಗೆ ಸಲ್ಲುವುದು ಪ್ರತಿ ಚಿತ್ರಕ್ಕೂ ನೀವು ಯೋಚಿಸದೆ ಮಾಡುವ ಕೆಲಸ: ಲೆನ್ಸ್ ಪ್ರೊಫೈಲ್ ತಿದ್ದುಪಡಿ, ಅಂಚಿನ ಬಣ್ಣ ತೆಗೆಯುವುದು, ಕ್ಯಾಮೆರಾ ಪ್ರೊಫೈಲ್, ತುಸು ಶಾರ್ಪನಿಂಗ್.

ಎರಡನೇ ವಾಕ್ಯ ಇನ್ನೂ ಅಪಾಯದ್ದು. ಡೀಫಾಲ್ಟ್ ಎಂದರೆ ನೀವು ಏನೂ ಆರಿಸದಿದ್ದಾಗ ಆಗುವುದು. ಪ್ರೀಸೆಟ್ ಎಂದರೆ ನೀವು ಆರಿಸಿದಾಗ ಆಗುವುದು. ಲೈಟ್‌ರೂಮಿನಲ್ಲಿ ಇವು ಎರಡು ಬೇರೆ ಜಾಗ. ಪ್ರಿಫರೆನ್ಸಸ್‌ನ ಪ್ರೀಸೆಟ್ಸ್ ಹಾಳೆಯಲ್ಲಿ ರಾ ಡೀಫಾಲ್ಟ್ ಇದೆ. ಅಲ್ಲಿ ಅಡೋಬಿಯ ಹೊಂದಿಕೆ, ಕ್ಯಾಮೆರಾದ ಹೊಂದಿಕೆ ಅಥವಾ ನಿಮ್ಮದೇ ಒಂದು ಪ್ರೀಸೆಟ್ ಕೊಡಬಹುದು. ಬೇಕೆಂದರೆ ಒಂದೊಂದು ಕ್ಯಾಮೆರಾ ಮಾದರಿಗೂ ಬೇರೆಬೇರೆ. ಅದು ರಾ ಕಡತಕ್ಕೆ ಮಾತ್ರ ತಗಲುತ್ತದೆ, ಜೆಪೆಗ್‌ಗೆ ಇಲ್ಲ. ಇಂಪೋರ್ಟ್‌ನಲ್ಲಿ ಆರಿಸಿದ ಡೆವಲಪ್ ಪ್ರೀಸೆಟ್ ಅದರ ಮೇಲೆ ಕೂರುತ್ತದೆ. ಅಂದರೆ ಪ್ರೀಸೆಟ್ಟನ್ನೇ ಡೀಫಾಲ್ಟ್ ಮಾಡಬಹುದು. ಆ ಒಂದು ವಾಕ್ಯವನ್ನು ಎರಡಕ್ಕೂ ಒಂದೇ ಪದ ಇಟ್ಟುಕೊಂಡು ಬರೆಯಿರಿ ನೋಡೋಣ.

ಕೆ. ವಿ. ಶಾ.

ಇದಕ್ಕೆ ಉತ್ತರ ಸುಲಭ. ಡೀಫಾಲ್ಟ್‌ಗೆ ‘ತಾನಿರುವಿಕೆ’, ಪ್ರೀಸೆಟ್‌ಗೆ ‘ಮುನ್ಹೊಂದಿಕೆ’. ‘ಮುನ್ಹೊಂದಿಕೆಯನ್ನು ತಾನಿರುವಿಕೆಯಾಗಿಸಿ.’

ಲ. ಹೆ.

ಇದನ್ನು ಓದಿದ ಮೇಲೆ ಕ್ಯಾಮೆರಾ ಮಾರಿಬಿಡುತ್ತಾರೆ.

ನಾ. ಭ.

‘ಮುನ್ಹೊಂದಿಕೆ’ ನನಗೆ ಕೆಟ್ಟದ್ದಾಗಿ ಕೇಳಿಸುವುದಿಲ್ಲ, ಆದರೆ ಅಧ್ಯಾಯದಲ್ಲಿ ಅದು ಎಷ್ಟು ಹೊರೆ ಹೊರಬೇಕೆಂದು ನೋಡಿ. ಇಂಪೋರ್ಟ್ ಪ್ರೀಸೆಟ್‌ನೊಳಗೆ ಡೆವಲಪ್ ಪ್ರೀಸೆಟ್ ಒಂದು, ಮೆಟಾಡೇಟಾ ಪ್ರೀಸೆಟ್ ಇನ್ನೊಂದು. ಡಾರ್ಕ್‌ಟೇಬಲ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಪ್ರೀಸೆಟ್ ಒಂದೇ ಮಾಡ್ಯೂಲಿನದು, ಹಲವು ಮಾಡ್ಯೂಲುಗಳ ಕಟ್ಟಿಗೆ ಸ್ಟೈಲ್ ಎನ್ನುತ್ತಾರೆ. ಕ್ಯಾಪ್ಚರ್ ಒನ್‌ನಲ್ಲೂ ಹೆಚ್ಚುಕಡಿಮೆ ಹಾಗೇ: ಒಂದು ಟೂಲಿನದು ಪ್ರೀಸೆಟ್, ಹಲವದ್ದು ಸ್ಟೈಲ್. ಒಂದೊಂದು ತಂತ್ರಾಂಶದಲ್ಲಿ ಒಂದೊಂದು ಎಲ್ಲೆಯಿರುವ ಹೆಸರಿಗೆ ಅರ್ಥ ಬಿಡಿಸಿ ಕನ್ನಡ ಮಾಡಿದರೆ ಒಂದು ಕಡೆ ಕೂರುತ್ತದೆ, ಇನ್ನೊಂದು ಕಡೆ ಜಾರುತ್ತದೆ.

ಅಂದ ಹಾಗೆ, ಕರಡಿನ ಉಳಿದ ಭಾಗದಲ್ಲಿ ಇವಿಷ್ಟನ್ನು ಪರಿಶೀಲಿಸಿ. ಮೆಟಾಡೇಟಾ ಪ್ರೀಸೆಟ್‌ನಲ್ಲಿ ಹಕ್ಕುಸ್ವಾಮ್ಯ, ಹೆಸರು, ಸಂಪರ್ಕ ಮಾತ್ರ ಇರಲಿ. ಕ್ಯಾಪ್ಶನ್ ಸೇರಿದರೆ ಮುಂದಿನ ಪ್ರತಿ ಕಾರ್ಡಿನ ಪ್ರತಿ ಚಿತ್ರಕ್ಕೂ ಹಳೆಯ ಕ್ಯಾಪ್ಶನ್ನೇ ಅಂಟುತ್ತದೆ. ಕಡತದ ಹೊಸ ಹೆಸರಿನಲ್ಲಿ ದಿನಾಂಕ ಇರಲೇಬೇಕು, ಏಕೆಂದರೆ ಕ್ಯಾಮೆರಾದ ನಾಲ್ಕಂಕಿಯ ಎಣಿಕೆ 9999 ಆದ ಮೇಲೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಎರಡನೇ ಪ್ರತಿ ನಿಮ್ಮ ಫೋಲ್ಡರ್ ವ್ಯವಸ್ಥೆಯಲ್ಲಿ ಕೂರುವುದಿಲ್ಲ, ಇಂಪೋರ್ಟ್ ಮಾಡಿದ ದಿನಾಂಕದ ಪ್ರತ್ಯೇಕ ಫೋಲ್ಡರಿಗೆ ಹೋಗುತ್ತದೆ. ಅದರಲ್ಲಿ ನಿಮ್ಮ ಎಡಿಟಿಂಗ್ ಇರುವುದಿಲ್ಲ. ಅದನ್ನು ‘ಬ್ಯಾಕಪ್’ ಎಂದು ಅನುವಾದಿಸಿದ್ದರೆ ತಿದ್ದಿ. ‘ಸಂಶಯಾಸ್ಪದ ನಕಲುಗಳು’ ಎಂಬಲ್ಲಿ ಹೋಲಿಕೆ ನಡೆಯುವುದು ಮೂಲ ಕಡತದ ಹೆಸರು, ತೆಗೆದ ದಿನಾಂಕ ಮತ್ತು ಸಮಯ, ಕಡತದ ಗಾತ್ರ ಇವುಗಳ ಮೇಲೆ. ಚಿತ್ರದಲ್ಲಿ ಏನಿದೆ ಎಂಬುದರ ಮೇಲಲ್ಲ.

ಪ್ರಿವ್ಯೂ ವಿಷಯ: ವೇಗವೇ ಗುರಿಯಾದರೆ ‘ಎಂಬೆಡೆಡ್ ಆ್ಯಂಡ್ ಸೈಡ್‌ಕಾರ್’. ಕ್ಯಾಮೆರಾ ಕಡತದೊಳಗೇ ಇಟ್ಟ ಜೆಪೆಗ್ ತೋರಿಸುವುದರಿಂದ ಆಯ್ಕೆ ಕೆಲಸ ತಕ್ಷಣ ಶುರುಮಾಡಬಹುದು. ಆದರೆ ಅಲ್ಲಿ ಕಾಣುವ ಬಣ್ಣ ಕ್ಯಾಮೆರಾದ್ದು, ನಿಮ್ಮ ಪ್ರೀಸೆಟ್‌ನದಲ್ಲ. ಪ್ರೀಸೆಟ್ ಹತ್ತಲಿಲ್ಲ ಎಂದು ಗಾಬರಿಯಾಗುವುದು ಇಲ್ಲೇ. ‘ಒಂದಕ್ಕೊಂದು’ (1:1) ಪ್ರಿವ್ಯೂ ಪೂರ್ಣ ಗಾತ್ರದ್ದು, ಇಂಪೋರ್ಟ್ ನಿಧಾನವಾಗುತ್ತದೆ, ಜಾಗವೂ ಹೆಚ್ಚು. ಸ್ಮಾರ್ಟ್ ಪ್ರಿವ್ಯೂ ಬೇರೆಯೇ ಬಾಬತ್ತು: ಉದ್ದನೆಯ ಬದಿ 2560 ಪಿಕ್ಸೆಲ್, ಮೂಲ ಡಿಸ್ಕ್ ಜೋಡಿಸದಿದ್ದಾಗಲೂ ಅದರ ಮೇಲೆ ಎಡಿಟ್ ಮಾಡಬಹುದು. ಎರಡಕ್ಕೂ ಬರೀ ‘ಮುನ್ನೋಟ’ ಎಂದು ಬರೆದಿದ್ದರೆ ಓದುಗರಿಗೆ ತಿಳಿಯುವುದಿಲ್ಲ.

ಕೆ. ವಿ. ಶಾ.

ಪದ ಕೇಳಿದರೆ ಪಾಠ ಬಂತು. ‘ಮುನ್ನೋಟ’ ಇಷ್ಟು ಸಲೀಸಾಗಿ ನಡೆಯುತ್ತದೆ, ‘ಮುನ್ಹೊಂದಿಕೆ’ಗೆ ಮಾತ್ರ ಏಕೆ ಈ ತಕರಾರು?

ಲ. ಹೆ.

ಒಂದು, ‘ನ್ಹ’ ಕನ್ನಡದ ಬಾಯಿಗೆ ಒಗ್ಗುವ ಜೋಡಿಯಲ್ಲ. ‘ಮುನ್ನೊಂದಿಕೆ’ ಎಂದು ಉಚ್ಚರಿಸುತ್ತಾರೆ, ಆಗ ‘ನೊಂದ’ ಕೇಳಿಸುತ್ತದೆ. ಎರಡು, ಅರಿಸಮಾಸ ಎಂದು ಹೆದರಿಸುವವರು ‘ಮುನ್ಸೂಚನೆ’ಯನ್ನು ಏನು ಮಾಡುತ್ತೀರಿ? ‘ಮುನ್’ ಕನ್ನಡ, ‘ಸೂಚನೆ’ ಸಂಸ್ಕೃತ. ಹಳೆಯ ವೈಯಾಕರಣರು ಬಿರುದುಗಳಿಗೆ ವಿನಾಯಿತಿ ಕೊಟ್ಟಿದ್ದರು. ಹವಾಮಾನಕ್ಕೆ ಕೊಟ್ಟದ್ದು ಯಾರು? ಮೂರು, ಬಸ್ಸು, ಕಾರು, ಬ್ಯಾಂಕು ಬಂದ ದಾರಿ ತೆರೆದೇ ಇದೆ. ‘ಪ್ರೀಸೆಟ್’ ಎಂದು ವ್ಯಂಜನದಲ್ಲಿ ನಿಲ್ಲಿಸುವುದರಿಂದಲೇ ಅದು ಪರಕೀಯವಾಗಿ ಕಾಣುವುದು. ‘ಪ್ರೀಸೆಟ್ಟು’ ಮಾಡಿ. ಪ್ರೀಸೆಟ್ಟಿಗೆ, ಪ್ರೀಸೆಟ್ಟಿನಲ್ಲಿ, ಪ್ರೀಸೆಟ್ಟುಗಳು. ನಾ. ಭ. ಅವರು ಮೇಲೆ ಒಂದು ಕಡೆ ‘ಪ್ರೀಸೆಟ್ಟನ್ನೇ’ ಎಂದು ಬರೆದಿದ್ದಾರೆ, ಅವರಿಗೇ ಗೊತ್ತಾಗಿಲ್ಲ.

ಕೆ. ವಿ. ಶಾ.

ಬಸ್ಸು ಬಂದಾಗ ನಮ್ಮಲ್ಲಿ ಬಸ್ಸಿರಲಿಲ್ಲ. ಹೊಂದಿಸುವುದು ನಮ್ಮಲ್ಲಿ ಇತ್ತು. ವಸ್ತುವಿನ ಜೊತೆ ಹೆಸರು ಬರಲಿ, ಒಪ್ಪೋಣ. ಕ್ರಿಯೆಗೂ ಹೆಸರು ಸಾಲ ತರುವುದು ಸೋಮಾರಿತನ.

ಸು. ರಾ.

ಹೊತ್ತಾಯಿತು, ತೀರ್ಮಾನ ಹೇಳಿಬಿಡುತ್ತೇನೆ. ತಲೆಬರಹ ‘ಇಂಪೋರ್ಟ್ ಪ್ರೀಸೆಟ್ಟು’. ಮೊದಲ ಸಲ ಬಂದಲ್ಲಿ ವಿವರಣೆಯಾಗಿ ‘ಮೊದಲೇ ಹೊಂದಿಸಿ ಹೆಸರಿಟ್ಟು ಉಳಿಸಿದ ಆಯ್ಕೆಗಳ ಕಟ್ಟು’ ಎಂದು ಸೇರಿಸಿದ್ದೇನೆ. ಡೀಫಾಲ್ಟ್‌ಗೆ ‘ಪೂರ್ವನಿಯೋಜಿತ ಹೊಂದಿಕೆ’, ಹೀಗೆ ಕೆ. ವಿ. ಶಾ. ಅವರು ಕೇಳಿದ ನಾಮಪದವೂ ಸಿಕ್ಕಿತು. ತಿದ್ದಿದ ವಾಕ್ಯಗಳು:

‘ಎಲ್ಲ ಚಿತ್ರಗಳಿಗೂ ಸಮಾನವಾದ ಆಯ್ಕೆಗಳಿಗೆ ಮಾತ್ರ ಗುರುತು ಹಾಕಿ ಪ್ರೀಸೆಟ್ಟು ಉಳಿಸಿ. ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್, ಕ್ರಾಪ್ ಬಿಟ್ಟುಬಿಡಿ. ಇಂಪೋರ್ಟ್ ಕಿಟಕಿಯಲ್ಲಿ ಈ ಪ್ರೀಸೆಟ್ಟನ್ನು ಆರಿಸಿದರೆ ಆ ಸಲ ಬರುವ ಚಿತ್ರಗಳಿಗೆಲ್ಲ ಅನ್ವಯವಾಗುತ್ತದೆ.’

ನಾ. ಭ.

‘ಬರುವ’ ಬೇಡ, ‘ಸೇರುವ’ ಎನ್ನಿ. ಆ್ಯಡ್‌ನಲ್ಲಿ ಏನೂ ಬರುವುದಿಲ್ಲ. ಉಳಿದದ್ದು ಸರಿ.

ಕೆ. ವಿ. ಶಾ.

ಅದನ್ನೇ ‘ಆಮದು’ ಬಗ್ಗೆ ಮೊದಲ ಪತ್ರದಲ್ಲಿ ಹೇಳಿದ್ದು. ಯಾರೂ ಓದಲಿಲ್ಲ.