ಮೆಂತ್ಯದ ಘಮದ ವೈನ್: ಸವಾನ್ಯಾಂ ದ್ರಾಕ್ಷಿಯ ಬಗ್ಗೆ

ಪ್ರಶ್ನೆ:
ಲಿಯೋನ್‌ನಲ್ಲಿ ನೆಲೆಸಿರುವ ನಾನು ಕಳೆದ ವಾರ ಫ್ರಾನ್ಸಿನ ಜೂರಾ ಪ್ರದೇಶದ ವ್ಯಾಂ ಝೋನ್, ಅಂದರೆ ಹಳದಿ ವೈನಿನ ಒಂದು ಸೀಸೆ ತಂದು, ಫ್ರಿಜ್ಜಿನಲ್ಲಿ ಚೆನ್ನಾಗಿ ತಣಿಸಿ, ಬಿರಡೆ ತೆಗೆದ ಕೂಡಲೇ ಲೋಟಕ್ಕೆ ಬಗ್ಗಿಸಿದೆ. ಮೂಗಿಗೆ ಮೊದಲು ತಾಕಿದ್ದು ಹಣ್ಣಿನ ಪರಿಮಳವಲ್ಲ, ಸಾರಿನ ಪುಡಿಗೆಂದು ಅಮ್ಮ ಬಾಣಲೆಯಲ್ಲಿ ಮೆಂತ್ಯ ಹುರಿಯುವಾಗ ಏಳುವ ಘಮ. ಬಾಯಲ್ಲಿ ಸಿಹಿಯ ಸುಳಿವೇ ಇಲ್ಲ. ಚುರುಕಾದ ಹುಳಿ, ಅದರ ಹಿಂದೆ ಅಕ್ರೋಟಿನ ಸಿಪ್ಪೆಯ ಒಗರು. ಸೀಸೆ ಕೆಟ್ಟಿದೆಯೇ, ಅಥವಾ ಇದರ ರುಚಿಯೇ ಹೀಗೆಯೇ?

ಉತ್ತರ 1:
ಸೀಸೆ ಕೆಟ್ಟಿಲ್ಲ, ನಿಮ್ಮ ಮೂಗು ಸರಿಯಾಗಿಯೇ ಗುರುತಿಸಿದೆ. ಈ ವೈನನ್ನು ಸವಾನ್ಯಾಂ ಎಂಬ ಬಿಳಿ ದ್ರಾಕ್ಷಿಯೊಂದರಿಂದಲೇ ಮಾಡುತ್ತಾರೆ. ಓಕ್ ಪೀಪಾಯಿಯಲ್ಲಿ ವೈನ್ ಆವಿಯಾಗಿ ಇಳಿದಂತೆಲ್ಲ ಬೇರೆಡೆ ಮತ್ತೆ ತುಂಬಿಸುತ್ತಾರೆ, ಇಲ್ಲಿ ತುಂಬಿಸುವುದಿಲ್ಲ. ಆ ಖಾಲಿ ಜಾಗದ ಗಾಳಿಯಿಂದ ವೈನಿನ ಮೇಲೆ ಯೀಸ್ಟಿನ ತೆಳುವಾದ ಪೊರೆ ಕಟ್ಟಿಕೊಳ್ಳುತ್ತದೆ. ಸುಮಾರು ಆರು ವರ್ಷ, ಅದರಲ್ಲಿ ಕನಿಷ್ಠ 60 ತಿಂಗಳು ಈ ಪೊರೆಯ ಕೆಳಗೆ ಇರುವ ವೈನ್ ಹುಳಿತು ವಿನೆಗರ್ ಆಗದೆ, ಸೋಟೊಲೋನ್ ಎಂಬ ಪರಿಮಳದ ಅಂಶವನ್ನು ನಿಧಾನವಾಗಿ ತುಂಬಿಕೊಳ್ಳುತ್ತದೆ. ನಮ್ಮ ಮೆಂತ್ಯದ ಘಮಕ್ಕೂ ಮುಖ್ಯ ಕಾರಣ ಅದೇ ಸೋಟೊಲೋನ್. ಈ ವೈನನ್ನು 620 ಮಿಲಿಲೀಟರಿನ ಕ್ಲಾವ್ಲ್ಯಾಂ ಎಂಬ ಗಿಡ್ಡ ಸೀಸೆಯಲ್ಲಿ ತುಂಬುತ್ತಾರೆ. ಪೀಪಾಯಿಗೆ ಹಾಕಿದ ಒಂದು ಲೀಟರಿನಲ್ಲಿ ಕೊನೆಗೆ ಉಳಿಯುವುದು ಅಷ್ಟೇ ಎಂಬುದು ಅಲ್ಲಿಯ ವಾಡಿಕೆಯ ಮಾತು.

ಉತ್ತರ 2:
ಮೇಲಿನ ವಿವರಣೆಗೆ ಒಂದು ಮಾತು ಸೇರಿಸಬೇಕು. ಮೆಂತ್ಯ ಬರುವುದು ಪೊರೆಯಿಂದ, ದ್ರಾಕ್ಷಿಯಿಂದಲ್ಲ. ಪೀಪಾಯಿಯನ್ನು ತುಂಬಿಸುತ್ತಲೇ ಇದ್ದು ಮಾಡಿದ ಸವಾನ್ಯಾಂ ಕೂಡ ಜೂರಾದಲ್ಲಿ ಸಿಗುತ್ತದೆ; ಅದರಲ್ಲಿ ನಿಂಬೆಯ ಸಿಪ್ಪೆ, ಹಸಿ ಸೇಬು, ನಾಲಗೆಯ ಅಂಚನ್ನು ಬಿಗಿಯುವ ಹುಳಿ, ಇವಷ್ಟೇ ಕಾಣುತ್ತವೆ. ತಡವಾಗಿ ಹಣ್ಣಾಗುವ, ದಪ್ಪ ಸಿಪ್ಪೆಯ ಈ ದ್ರಾಕ್ಷಿ ಅಷ್ಟು ಹುಳಿಯನ್ನು ಉಳಿಸಿಕೊಳ್ಳುವುದರಿಂದಲೇ ಆರು ವರ್ಷದ ಗಾಳಿಯನ್ನು ತಾಳಿಕೊಳ್ಳುತ್ತದೆ ಎಂದು ನನ್ನ ಅಭಿಪ್ರಾಯ. ಗುಲಾಬಿಯಂತೆ ಘಮಿಸುವ ಗೆವುರ್ಜ್‌ಟ್ರಾಮಿನರ್ ಎಂಬ ದ್ರಾಕ್ಷಿ ಇದೇ ಕುಲದ್ದು ಎಂದರೆ ಕುಡಿದವರಿಗೆ ನಂಬುವುದು ಕಷ್ಟ. ಎರಡು ಬಗೆಯ ಸವಾನ್ಯಾಂಗಳನ್ನೂ ಒಂದೇ ಸಂಜೆ ಅಕ್ಕಪಕ್ಕ ಇಟ್ಟು ನೋಡಿ. ಹಳದಿ ವೈನನ್ನು ಮಾತ್ರ ತಣ್ಣಗೆ ಕುಡಿಯಬೇಡಿ: 15 ಡಿಗ್ರಿಯ ಆಸುಪಾಸಿನಲ್ಲಿರಲಿ, ಕೆಲವು ಗಂಟೆ ಮೊದಲೇ ಬಿರಡೆ ತೆಗೆದಿಡಿ. ಜೊತೆಗೆ ಅದೇ ಸೀಮೆಯ ಹಳೆಯ ಕೋಂತೆ ಚೀಸ್ ಇದ್ದರೆ ಬೇರೇನೂ ಬೇಡ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಧನ್ಯವಾದಗಳು. ಅರ್ಧ ಉಳಿದಿದ್ದ ಸೀಸೆಯನ್ನು ನಿನ್ನೆ ಬೆಳಿಗ್ಗೆಯೇ ಹೊರಗಿಟ್ಟು, ರಾತ್ರಿ ಕೋಂತೆಯೊಂದಿಗೆ ಕುಡಿದೆ. ಮೆಂತ್ಯ ಹಿಂದೆ ಸರಿದು ಹುರಿದ ಅಕ್ರೋಟು, ಒಣ ಅಂಜೂರ, ಕೊನೆಯಲ್ಲಿ ಉಪ್ಪಿನಂಥ ಒಂದು ರುಚಿ ಮುಂದೆ ಬಂದವು; ಗುಟುಕು ನುಂಗಿ ಎಷ್ಟೋ ಹೊತ್ತಾದ ಮೇಲೂ ಬಾಯಲ್ಲಿ ಅವೇ ಇದ್ದವು. ತುಂಬಿಸಿ ಮಾಡಿದ ಸವಾನ್ಯಾಂ ಹುಡುಕಲು ಶನಿವಾರ ಅಂಗಡಿಗೆ ಹೋಗುತ್ತಿದ್ದೇನೆ.