‘ಇಂಟ್ರಪ್ರೆನರ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕಾರ್ಖಾನೆಯೊಂದರ ನೌಕರರ ಪತ್ರಿಕೆಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಇಂಟ್ರಪ್ರೆನರ್’ ಅನ್ನುವ ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ದೊಡ್ಡ ಕಂಪನಿಯಲ್ಲಿ ಸಂಬಳಕ್ಕೆ ದುಡಿಯುತ್ತಲೇ, ಹೊಸದೊಂದನ್ನು ತನ್ನದೇ ಅನ್ನುವ ಹಾಗೆ ಹಿಡಿದು ದಡ ಸೇರಿಸುವವರಿಗೆ ಈ ಹೆಸರು. ‘ಇಂಟ್ರಾ’ (ಒಳಗಿನ) ಮತ್ತು ‘ಆಂತ್ರಪ್ರೆನರ್’ (ಉದ್ಯಮಿ) ಸೇರಿಸಿ 1978ರಲ್ಲಿ ಅಮೆರಿಕದ ಗಿಫರ್ಡ್ ಮತ್ತು ಎಲಿಜಬೆತ್ ಪಿಂಚೊ ದಂಪತಿ ಕಟ್ಟಿದ ಪದ.

ಲೇಖನದಲ್ಲಿರುವ ಉದಾಹರಣೆ ಅಮೆರಿಕದ 3ಎಂ ಕಂಪನಿಯದು. ಅಲ್ಲಿನ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಗಟ್ಟಿ ಅಂಟು ಮಾಡಲು ಹೋದಾಗ, ಅಂಟಿದರೂ ಸುಲಭವಾಗಿ ಬಿಟ್ಟುಕೊಳ್ಳುವ ಅಂಟು ಸಿಕ್ಕಿತು. ವರ್ಷಗಟ್ಟಲೆ ಅದಕ್ಕೆ ತಕ್ಕ ಉಪಯೋಗ ಕಾಣಲಿಲ್ಲ. ಅದೇ ಕಂಪನಿಯ ಆರ್ಟ್ ಫ್ರೈ ಚರ್ಚಿನಲ್ಲಿ ಹಾಡುತ್ತಿದ್ದರು. ಹಾಡಿನ ಪುಸ್ತಕದಲ್ಲಿ ಗುರುತಿಗೆ ಇಟ್ಟ ಚೀಟಿಗಳು ಉದುರಿಹೋಗುತ್ತಿದ್ದವು. ಆಗ ಆ ಅಂಟು ನೆನಪಾಯಿತು. 3ಎಂನಲ್ಲಿ ತಾಂತ್ರಿಕ ಸಿಬ್ಬಂದಿ ಕೆಲಸದ ಹೊತ್ತಿನ ಶೇ. 15ರಷ್ಟನ್ನು ತಮಗೆ ತೋಚಿದ್ದಕ್ಕೆ ಬಳಸಬಹುದಿತ್ತು. 1980ರಲ್ಲಿ ಅಮೆರಿಕದ ಉದ್ದಗಲಕ್ಕೂ ಮಾರಾಟಕ್ಕೆ ಬಂದ, ಅಂಟಿಸಿ ಕೀಳಬಹುದಾದ ಪೋಸ್ಟ್-ಇಟ್ ಚೀಟಿ ಬೆಳೆದದ್ದು ಹೀಗೆ. ಫ್ರೈ ಕಂಪನಿಯ ಮಾಲೀಕರಲ್ಲ, ದುಡ್ಡು ಹಾಕಿದವರೂ ಅಲ್ಲ. ಇಂಥವರನ್ನು ಏನಂತ ಕರೆಯೋಣ?

ಮೊದಲು ‘ಒಳ ಉದ್ಯಮಿ’ ಅಂತ ಬರೆದೆ. ಕಾರ್ಖಾನೆಯ ಗೆಳೆಯರೊಬ್ಬರು ಓದಿ, “ಅಂದ್ರೆ ನೌಕರಿ ಮಾಡ್ತಾ ಗುಟ್ಟಾಗಿ ಬೇರೆ ಬಿಸಿನೆಸ್ ನಡೆಸೋರಾ?” ಅಂತ ಕೇಳಿದರು. ಅವರ ತಪ್ಪಿಲ್ಲ. ಒಳಸಂಚು, ಒಳಒಪ್ಪಂದ, ಒಳಗುಟ್ಟು ಅಂತೆಲ್ಲ ಕೇಳಿದ ಕಿವಿಗೆ ‘ಒಳ’ದಲ್ಲಿ ಮುಚ್ಚುಮರೆಯೇ ಜಾಸ್ತಿ ಕೇಳಿಸುತ್ತದೆ. ‘ಆಂತರಿಕ ಉದ್ಯಮಿ’ ಅಂದರೆ ಆ ತೊಂದರೆ ಇಲ್ಲ. ಆದರೆ ‘ಆಂತರಿಕ ಲೆಕ್ಕ ಪರಿಶೋಧಕ’ರ ಹಾಗೆ ಅದೂ ಒಂದು ಹುದ್ದೆ ಅನ್ನಿಸಿಬಿಡುತ್ತದೆ.

ನನಗೆ ಕಂಡಂತೆ ನಿಜವಾದ ತೊಡಕು ‘ಉದ್ಯಮಿ’ಯಲ್ಲೇ ಇದೆ. ‘ಉದ್ಯಮ’ಕ್ಕೆ ಮೂಲದಲ್ಲಿ ಪ್ರಯತ್ನ ಅಂತ ಅರ್ಥ. ಈಗ ಉದ್ಯಮಿ ಅಂದರೆ ಬಂಡವಾಳ ಹಾಕಿದ ಮಾಲೀಕ, ಅಲ್ವಾ? ‘ಉದ್ಯಮಶೀಲ’ದಲ್ಲಿ ಮಾತ್ರ ಹಳೆಯ ಅರ್ಥ ಇನ್ನೂ ಉಳಿದಿದೆ. ಹಾಗಾಗಿ ‘ಉದ್ಯಮಶೀಲ ನೌಕರ’ ಕಡೆಗೆ ನನ್ನ ಒಲವು. ಹೆಣ್ಣುಮಕ್ಕಳಿಗೂ ಸಲ್ಲಬೇಕು ಅಂದರೆ ‘ಉದ್ಯಮಶೀಲ ಉದ್ಯೋಗಿ’. ಆದರೆ ಮಷಿನ್ ಮುಂದೆ ನಿಂತು ಕೆಲಸ ಮಾಡುವವರಿಗೆ ಇದು ತಟ್ಟುತ್ತದಾ? ‘ಆಂತ್ರಪ್ರೆನರ್’ ಪದದ ಹಿಂದಿರುವ ಫ್ರೆಂಚ್ ಕ್ರಿಯಾಪದಕ್ಕೆ ‘ಕೈಗೆತ್ತಿಕೊಳ್ಳು’ ಅಂತಲೇ ಅರ್ಥ. ನಮ್ಮಲ್ಲಿ ದಿನವೂ ಆಡುವ ಮಾತು ಅದು. ಅದರಿಂದ ವ್ಯಕ್ತಿಯನ್ನು ಹೇಳುವ ಪದ ಮಾಡಲು ಎಷ್ಟು ಒದ್ದಾಡಿದರೂ ಆಗಲಿಲ್ಲ. ‘ಕೈಗೆತ್ತಿಗ’ ಅಂತ ಬರೆದು ಹೊಡೆದುಹಾಕಿದೆ.

ಜೊತೆಗೆ ಇನ್ನೊಂದು. ‘ಇನ್ನೊವೇಶನ್’ಗೆ ‘ನಾವೀನ್ಯತೆ’ ಬರೆಯಲು ಮನಸ್ಸಿಲ್ಲ. ‘ನಾವೀನ್ಯ’ ಅಂದರೇ ಸಾಕು, ಮೇಲೆ ‘ತೆ’ ಯಾಕೆ? ‘ಹೊಸತನ’ ಚೆನ್ನಾಗಿದೆ, ಆದರೆ ಅದು ಗುಣವನ್ನು ಹೇಳುತ್ತದೆ, ಮಾಡಿದ ಕೆಲಸವನ್ನಲ್ಲ.

ಸಲಹೆ ಪೆಟ್ಟಿಗೆಗೆ ಚೀಟಿ ಹಾಕಿ ಸುಮ್ನಾಗದೆ, ಬೆನ್ನು ಹತ್ತಿ ಕೆಲಸ ಆಗುವ ತನಕ ಬಿಡದವರು ನಿಮ್ಮ ಕಾರ್ಖಾನೆ, ಆಫೀಸುಗಳಲ್ಲೂ ಇರಬಹುದು. ಅವರನ್ನು ಜೊತೆಯವರು ಏನಂತ ಕರೆಯುತ್ತಾರೆ? ತೀರಾ ಆಡುಮಾತಾದರೂ ಪರವಾಗಿಲ್ಲ, ಯಾವ ಊರಿನ ಕಡೆ ಕೇಳಿದ್ದು ಅಂತ ಸೇರಿಸಿ ತಿಳಿಸಿ.